ನಿಮಗಿಂತ ಮೊದಲು ಮಲಗಿದವರು

ಕ್ಷೀರಸಾಗರದ ನಡುವೆ ಸರ್ಪಶಯನನಾಗಿ ಮಲಗಿಯೂ ಎಚ್ಚರವಾಗಿರುವ, ಕಣ್ಣು ಮುಚ್ಚಿಯೂ ಮೂರು ಲೋಕಗಳನ್ನು ಕಾಣುವ ಶ್ರೀಮನ್ನಾರಾಯಣನ ಪಾದಗಳಿಗೆ ನಮಸ್ಕರಿಸಿ, ಅವನ ನಿದ್ರೆಯನ್ನು ಕಾಯುತ್ತ ಕಾಲೊತ್ತುವ ಜಗನ್ಮಾತೆಯನ್ನು ನೆನೆದು, ನನಗೆ ಅಕ್ಷರ ಕಲಿಸಿದ ಗುರುಗಳಿಗೆ ಕೈಮುಗಿದು, ನಮ್ಮ ಪೇಟೆಗೆ ಬಂದು ತಂಗುವ ಪರಸ್ಥಳದವರು ತಿಳಿದಿರಬೇಕಾದ ಕೆಲವು ಮಾತುಗಳನ್ನು ಬರೆಯತೊಡಗುತ್ತೇನೆ. ಮೊದಲು ಇಂಥ ಬರಹದ ಅಗತ್ಯವಿರಲಿಲ್ಲ. ಈಗ ಏಕೆ ಬಂತೆಂಬುದನ್ನೂ ಇದರಲ್ಲಿಯೇ ಹೇಳುವೆ. ಹೇಳದೆ ಬರಿಯ ಸೂಚನೆಗಳನ್ನಷ್ಟೇ ಕೊಟ್ಟರೆ ನೀವು ಅವನ್ನು ಪಾಲಿಸಲಾರಿರಿ.

ನಮ್ಮ ಪೇಟೆ ಊರಿನ ನಟ್ಟನಡುವೆ ಇದೆ. ಬಸ್ ನಿಲ್ದಾಣದಿಂದ ನಡೆದೇ ಬನ್ನಿ; ಆಟೋದವರು ಹೂವಿನ ಚೌಕದಿಂದ ಈಚೆಗೆ ಬರಲಾರರು. ಹಿಂದಿನಿಂದ ಕೈಗಾಡಿಯವನು "ಬಾಜೂ, ಬಾಜೂ" ಎಂದು ಕೂಗಿದರೆ ತಿರುಗಿ ನೋಡುತ್ತ ನಿಲ್ಲಬೇಡಿ, ಹತ್ತಿರದ ಅಂಗಡಿಯ ಕಟ್ಟೆಯನ್ನು ಏರಿಬಿಡಿ. ಆದರೆ ಬೆಳಗ್ಗೆ ಬೋಣಿಯಾಗುವ ಮೊದಲು ಯಾವ ಕಟ್ಟೆಯ ಮೇಲೂ ಕೂರಬೇಡಿ. ನಮ್ಮ ವ್ಯಾಪಾರಿಗಳು ಸಾಧುಸ್ವಭಾವದವರೇ, ಆದರೂ ಬೋಣಿಯ ವಿಷಯದಲ್ಲಿ ದೂರ್ವಾಸರು. ಕಂಚುಗಾರ ಓಣಿಯಲ್ಲಿ ಕೋಣೆ ಹಿಡಿದರೆ ಸುತ್ತಿಗೆಯ ಸದ್ದಿಗೆ ಏಳಬೇಕಾದೀತು. ಬಳೆಗಾರ ಓಣಿ ಶಾಂತವಾದದ್ದು. ಊಟಕ್ಕೆ ದೇವಸ್ಥಾನದ ಹಿಂದಿನ ಖಾನಾವಳಿಗೆ ಹೋಗಿ, ಎರಡನೆಯ ಪಂಕ್ತಿಗೆ ಕೂಡಿ. ಮೊದಲನೆಯ ಪಂಕ್ತಿಯವರಿಗೆ ನಿನ್ನೆಯ ಚಟ್ನಿ, ಮೂರನೆಯವರಿಗೆ ಬೈಗುಳ.

ಇಷ್ಟು ಯಾವ ಪೇಟೆಗಾದರೂ ಸಲ್ಲುವ ಮಾತು. ಇನ್ನು ನಮ್ಮದಕ್ಕೆ ಮಾತ್ರ ಸಲ್ಲುವುದು. ಇಲ್ಲಿ ಹಾಸಿಗೆಯ ಮೇಲೆ ತಲೆಯಿಟ್ಟವನಿಗೆ ಮೊದಲು ಬೀಳುವುದು ಅವನ ಕನಸಲ್ಲ; ಅದೇ ಹಾಸಿಗೆಯಲ್ಲಿ ಅವನಿಗಿಂತ ಮೊದಲು ಮಲಗಿದ್ದವನ ಕೊನೆಯ ಕನಸು. ಅದು ಮುಗಿದು ಇಲ್ಲವಾದ ಮೇಲೆ ಅವನದು ಶುರುವಾಗುತ್ತದೆ, ಅವನ ಕೊನೆಯದು ಮುಂದಿನವನಿಗಾಗಿ ಉಳಿಯುತ್ತದೆ. ಒಗೆದರೆ ಹೋಗದು, ಬಿಸಿಲಿಗೆ ಹಾಕಿದರೆ ಹೋಗದು. ಇಲ್ಲಿಯೇ ಹುಟ್ಟಿ ಬೆಳೆದ ನಮಗೆ ಇದೊಂದು ತೊಡಕೇ ಅಲ್ಲ. ಗಂಡಹೆಂಡಿರು ಮಂಚದ ತಮ್ಮ ತಮ್ಮ ಮಗ್ಗುಲನ್ನು ಬದಲಿಸುವುದಿಲ್ಲ. ಮದುವೆಯಾಗಿ ಬರುವ ಹೆಣ್ಣುಮಗಳು ತವರಿನಿಂದ ಹೊಸ ಗಾದಿ ತರುತ್ತಾಳೆ. ಕಾಳಿನ ವ್ಯಾಪಾರಿ ಬೀಗರ ಮನೆಗೆ ಹೋದರೂ ತನ್ನ ಚಾಪೆಯನ್ನು ಕಂಕುಳಲ್ಲಿ ಇಟ್ಟುಕೊಂಡೇ ಹೋಗುತ್ತಾನೆ. ಮರುದಿನ ಯಾವ ಮಾಲಿಗೆ ಕೈಹಾಕುವನೆಂಬುದು ಬೀಗರಿಗೆ ತಿಳಿಯಬಾರದಲ್ಲ. ತೊಡಕಿದ್ದದ್ದು ವಸತಿಗೃಹಗಳಲ್ಲಿ. ಅಲ್ಲಿ ಒಂದೇ ಹಾಸಿಗೆ, ದಿನಕ್ಕೊಬ್ಬ ಅತಿಥಿ.

ಅದಕ್ಕಾಗಿ ನಮ್ಮಲ್ಲಿ ಹಾಸಿಗೆ ತಿಳಿಮಾಡುವವರು ಎಂಬ ವೃತ್ತಿಯವರಿದ್ದರು. ಅತಿಥಿ ಎದ್ದು ಹೋದ ಮೇಲೆ ಆ ಹಾಸಿಗೆಯಲ್ಲಿ ಹಗಲು ಹೊತ್ತು ಒಂದು ನಿದ್ದೆ ತೆಗೆದು, ಉಳಿದ ಕನಸನ್ನು ತಾವು ಕಂಡು ಮುಗಿಸಿ, ತಮ್ಮದೇನನ್ನೂ ಬಿಡದೆ ಏಳುವವರು. ಸ್ವಂತ ಕನಸೇ ಇಲ್ಲದವರಿಗೆ ಮಾತ್ರ ಸಾಧ್ಯವಾದ ಕೆಲಸ ಇದು. ಜಾಗ್ರತ್, ಸ್ವಪ್ನ, ಸುಷುಪ್ತಿ ಎಂದು ಹಿರಿಯರು ಹೇಳಿದ ಅವಸ್ಥೆಗಳಲ್ಲಿ ನಡುವಿನದನ್ನು ದಾಟಲು ಯೋಗಿಗಳು ಜನ್ಮಗಳನ್ನು ಸವೆಸುತ್ತಾರೆ. ನಮ್ಮ ಗಿರಿಯಪ್ಪನಿಗೆ ಅದು ಹುಟ್ಟಿನಿಂದ ಬಂದಿತ್ತು. ಈ ವೃತ್ತಿಯವರಲ್ಲಿ ಕೊನೆಗೆ ಉಳಿದವನು ಅವನೊಬ್ಬನೇ.

ಗಿರಿಯಪ್ಪನನ್ನು ಯೋಗಿಯೆಂದು ಕಲ್ಪಿಸಿಕೊಳ್ಳಬೇಡಿ. ಹೊಟ್ಟೆ ಮುಂದೆ, ಅವನು ಹಿಂದೆ. ಸದಾ ಶೇಂಗಾ ಸುಲಿಯುವ ಕೈ, ಬಿಡುವಿಲ್ಲದ ಬಾಯಿ. ಪೇಟೆಯಲ್ಲಿ ಯಾರ ಮನೆಯಲ್ಲಿ ಯಾವ ಪಲ್ಯ ಎಂಬುದು ಅವನಿಗೆ ಗೊತ್ತಿರುತ್ತಿತ್ತು. ಕಂಚುಗಾರ ಓಣಿಯಲ್ಲಿ ವಸತಿಗೃಹ ನಡೆಸುವ ಕಾಶವ್ವ ಅವನನ್ನು ದಿನವೂ ಕಾಡಿಸುವಳು: "ಏನೋ ಗಿರಿಯಪ್ಪಾ, ದುಡಿದು ದಣಿದವರು ಮಲಗೂದು ನೋಡೀನಿ. ಮಲಗಿ ದಣಿದಾಂವನ್ನ ನಿನ್ನ ಒಬ್ಬನ್ನ ನೋಡೀನಿ!" ಅವನು, "ಅವ್ವಾ, ನಿನ್ನ ಗಿರಾಕಿಗೋಳ ಕನಸಿನ್ಯಾಗ ಎಷ್ಟು ಓಡಬೇಕಾಗತೈತಿ ನಿನಗೇನು ಗೊತ್ತು? ನಿನ್ನೆ ಒಬ್ಬಾಂವ ಎಮ್ಮಿ ಬೆನ್ನಟ್ಟಿದ್ದ" ಎಂದುಬಿಟ್ಟು, ತಕ್ಷಣ ನಾಲಿಗೆ ಕಚ್ಚಿಕೊಂಡು ದೇವಸ್ಥಾನದ ಕಡೆ ಕೈಮುಗಿಯುವನು. ಕಂಡದ್ದನ್ನು ಹೇಳಬಾರದೆಂಬುದು ಅವನ ದೀಕ್ಷೆ. ಎಮ್ಮೆ ಸುಳ್ಳೆಂದು ಎಲ್ಲರಿಗೂ ಗೊತ್ತಿತ್ತು; ನಿಜವಾಗಿ ಕಂಡದ್ದನ್ನು ಅವನ ಬಾಯಿಂದ ಯಾರೂ ಕೇಳಿದವರಿಲ್ಲ.

ಆ ದೀಕ್ಷೆಯನ್ನು ಕೊಡುವವರು ಪೇಟೆಯ ನಡುವಿರುವ ಶಯನಮೂರ್ತಿಯ ಗುಡಿಯಲ್ಲಿ ಪುರಾಣ ಹೇಳುವವರು. ನನ್ನ ತಂದೆಯವರು ಗಿರಿಯಪ್ಪನ ಹೆಗಲಿಗೆ ದೇವರ ಪಾದದ ಮೇಲಿನ ಬಿಳಿಯ ವಲ್ಲಿಯನ್ನು ಹೊದಿಸಿ, "ಹಾಸಿಗೆಯಲ್ಲಿ ಕಂಡದ್ದು ಹಾಸಿಗೆಗೆ" ಎಂದು ಹೇಳಿಸಿದ್ದರು. ಅವರ ತರುವಾಯ ಆ ಪೀಠದಲ್ಲಿ ನಾನು ಕುಳಿತೆ. ಯಾವ ಊರಿನವನೇ ಆಗಲಿ, ನಮ್ಮಲ್ಲಿ ನಿಶ್ಚಿಂತೆಯಿಂದ ಮಲಗಿ ಎದ್ದು ಹೋಗುತ್ತಿದ್ದುದು ಆ ಒಂದು ತುಂಡು ಬಟ್ಟೆಯ ನಂಬಿಕೆಯಿಂದ.

ಕಾಶವ್ವನ ಅತಿಥಿಗಳಲ್ಲಿ ಮೌನೇಶನೆಂಬ ಗಂಟೆ ಎರಕದವನಿದ್ದ. ದೂರದ ಊರಿನವನು; ಹಳೆಯ ಕಂಚು ಕೊಳ್ಳಲು ಆಗಾಗ ಬಂದು ಬೀದಿಯ ಕಡೆಯ ಕೋಣೆಯಲ್ಲಿ ಒಂದು ರಾತ್ರಿ ಉಳಿದು ಹೋಗುತ್ತಿದ್ದ. ಹೆಚ್ಚು ಮಾತಿನವನಲ್ಲ. ಕೆಲವು ವರ್ಷಗಳ ಹಿಂದೆ ಮಾಗಿಯಲ್ಲಿ ಹಾಗೆ ಬಂದು, ಮಲಗಿ, ಬೆಳಗ್ಗೆ ಚಹಾ ಕುಡಿದು ಹೊರಟ. ಅವನು ಹತ್ತಿದ ಬಸ್ಸು ಊರಾಚೆಯ ಇಳಿಜಾರಿನಲ್ಲಿ ಉರುಳಿತು. ಮಧ್ಯಾಹ್ನದ ಹೊತ್ತಿಗೆ ಪೇಟೆಗೆ ಸುದ್ದಿ ಬಂತು. ಅವನ ಚೀಲವೊಂದು ಕೋಣೆಯಲ್ಲಿಯೇ ಉಳಿದಿತ್ತು. ಮುಂದಿನ ವಾರ ಒಯ್ಯುವೆನೆಂದು ಹೇಳಿ ಇಟ್ಟಿದ್ದ.

ಆಗ ಕಾಶವ್ವ ಮಾಡಿದ್ದನ್ನು ಕೇಳಿ. ಅಂಥದನ್ನು ನಮ್ಮ ಪೇಟೆಯವರು ಮಾತ್ರ ಮಾಡಿಯಾರು. ಚೀಲ ಒಯ್ಯಲು ಆ ಮನೆಯವರು ಬಂದೇ ಬರುತ್ತಾರೆ, ದುಃಖದಲ್ಲಿ ದಣಿದು ಬಂದವರು ಅರಿಯದೆ ಅದೇ ಹಾಸಿಗೆಯ ಮೇಲೆ ಒರಗಿದರೆ ಸತ್ತವನ ಕನಸು ಮೈಮೇಲೆ ಬಿದ್ದು ಬೆಚ್ಚಿಬಿದ್ದಾರೆಂದು ಅವಳ ಕರುಳು ಮರುಗಿತು. ಕಣ್ಣೊರೆಸಿಕೊಳ್ಳುತ್ತಲೇ ಗಿರಿಯಪ್ಪನನ್ನು ಕರೆಸಿದಳು. "ಚಲೋತ್ನಂಗ ಮಲಗೋ ತಮ್ಮಾ, ಒಂದು ಎಳಿ ಸೈತ ಉಳೀಬಾರದು" ಎಂದು ಬಾಗಿಲು ಮುಂದೆಳೆದು, ಯಾರೂ ಸದ್ದು ಮಾಡದಂತೆ ತಾನೇ ಹೊಸ್ತಿಲಲ್ಲಿ ಕುಳಿತಳು. ಗಿರಿಯಪ್ಪ ಎದ್ದು ಬಂದಾಗ ಅವನ ಮುಖ ಒದ್ದೆಯಾಗಿತ್ತಂತೆ. ಕಾಶವ್ವ ಕೊಟ್ಟ ಚಹಾವನ್ನೂ ಮುಟ್ಟದೆ ಹೋದನಂತೆ. ಅವನು ಚಹಾ ಬಿಟ್ಟು ಹೋದದ್ದು ಅದೇ ಮೊದಲು.

ಮೌನೇಶನ ಹೆಂಡತಿ ದಾಕ್ಷಾಯಣಿ ಬಂದದ್ದು ಕ್ರಿಯೆಗಳೆಲ್ಲ ಮುಗಿದ ಮೇಲೆ. ಕಾಶವ್ವ ಕೊಟ್ಟ ಚೀಲವನ್ನು ಆಕೆ ಬಿಚ್ಚಿಯೂ ನೋಡಲಿಲ್ಲ. "ಅವರು ಮಲಗಿದ್ದ ಕೋಲಿ ಯಾವುದ್ರಿ? ನಾ ಅಲ್ಲಿ ಮಲಗಾಕ ಬಂದೀನಿ" ಎಂದಳು. ಪೇಟೆಯ ಪದ್ಧತಿಯನ್ನು ಗಂಡನೇ ಒಮ್ಮೆ ನಗುತ್ತ ಹೇಳಿದ್ದನಂತೆ. ಆದರೆ ತಿಳಿಮಾಡುವವರ ವಿಷಯ ಹೇಳಿರಲಿಲ್ಲ. ಕಾಶವ್ವನಿಗೆ ಆ ಕ್ಷಣದಲ್ಲಿ ತಾನು ಮಾಡಿದ್ದೇನೆಂಬುದು ಹೊಳೆಯಿತು. "ಯವ್ವಾ, ನಿನಗಂತನ ನಾ ಸ್ವಚ್ಛ ಮಾಡಿಸಿಬಿಟ್ಟೆನವ್ವಾ!" ಎಂದು ಅತ್ತಳಂತೆ. ಅತ್ತವಳನ್ನು ಬಂದವಳೇ ಸಮಾಧಾನ ಮಾಡಬೇಕಾಯಿತು.

ಹೀಗೆ ಅವರು ಮೂವರೂ, ದಾಕ್ಷಾಯಣಿ, ಕಾಶವ್ವ, ಹಿಂದಿನಿಂದ ತಲೆತಗ್ಗಿಸಿದ ಗಿರಿಯಪ್ಪ, ಗುಡಿಯ ಮಂಟಪಕ್ಕೆ ನನ್ನ ಬಳಿ ಬಂದರು. ಮುಂಜಾವಿನ ಪೂಜೆ ಮುಗಿದಿತ್ತು. ಗರ್ಭಗುಡಿಯಲ್ಲಿ ಸ್ವಾಮಿ ಎಂದಿನಂತೆ ಬಲಗೈಯನ್ನು ತಲೆದಿಂಬು ಮಾಡಿಕೊಂಡು ಮಲಗಿದ್ದ.

"ಶಾಸ್ತ್ರಿಗಳ, ನನಗ ಕನಸು ಬ್ಯಾಡ," ಎಂದಳು ದಾಕ್ಷಾಯಣಿ. "ಒಂದ ಮಾತು ಸಾಕು. ನಮಗೊಂದು ಹೆಣ್ಣು ಕೂಸಿತ್ರಿ. ನಾಕು ವರ್ಷದ್ದು. ಜ್ವರ ಬಂದು ಹೋತು. ಅವತ್ತಿನಿಂದ ಅವರು ಅದರ ಹೆಸರು ಹೇಳಲಿಲ್ಲ. ಒಂದು ಸರತೀನೂ ಹೇಳಲಿಲ್ರಿ. ನಾ ಅತ್ರ ಎದ್ದು ಭಟ್ಟಿಗೆ ಹೋಗಿ ಸುತ್ತಿಗಿ ಬಡಿಯಾಕ ಹತ್ತತಿದ್ರು. ಕೂಸಿನ ಅಂಗಿ-ಅರಿವಿ ಯಾರಿಗೋ ಕೊಟ್ಟುಬಿಟ್ರು. ಮರತಾರಂತ ನಾ ಸಿಟ್ಟು ಹಿಡಿದೆ. ಒಂದ ಮನ್ಯಾಗ ಇದ್ದು ಮಾತು ಬಿಟ್ಟೆ. ಅವತ್ತು ಹೊಂಟಾಗ ಸೈತ ಹೋಗಿ ಬರ್ರಿ ಅನಲಿಲ್ಲ." ಗಿರಿಯಪ್ಪನತ್ತ ಕೈ ತೋರಿಸಿದಳು: "ಅವರ ಕನಸಿನ್ಯಾಗ ಕೂಸು ಇತ್ತೋ ಇಲ್ಲೋ? ಈ ಅಣ್ಣಾರಿಗೆ ಗೊತ್ತೈತಿ. ಹೇಳಸ್ರಿ."

ಗಿರಿಯಪ್ಪ ಕಂಬಕ್ಕೆ ಒರಗಿ ನೆಲ ನೋಡುತ್ತಿದ್ದ. ಅವನ ಕೈಯಲ್ಲಿ ಶೇಂಗಾ ಇರಲಿಲ್ಲ.

ನಾನು ಓದಿದ್ದನ್ನೆಲ್ಲ ಮನಸ್ಸಿನಲ್ಲಿ ತಿರುವಿ ಹಾಕಿದೆ. ಕೊನೆಗೆ ಹೇಳಿದೆ: "ತಾಯಿ, ಎಚ್ಚರಿದ್ದವನಿಗೆ ಬಾಗಿಲು ಅದ, ಬೇಕಾದಾಗ ಮುಚ್ಚಿಕೋತಾನ. ಮಲಗಿದವನಿಗೆ ಬಾಗಿಲಿಲ್ಲ. ಅದಕ್ಕ ಈ ಪೇಟೆಯೇ ಅವನ ಬಾಗಿಲಾಗಿ ನಿಂತದ. ಇಂದು ನಿಮ್ಮ ಸಂಕಟಕ್ಕ ತೆರೆದರ, ನಾಳೆ ಇನ್ನೊಬ್ಬರ ಸಂಶಯಕ್ಕೂ ತೆರೀಬೇಕಾಗತದ."

"ಸತ್ತವರ ಅಂಗಿ ಹೆಂಡತಿಗೆ ಸೇರತೈತ್ರಿ. ಚಪ್ಪಲಿ ಸೇರತೈತಿ. ಈ ಚೀಲ ನನಗ ಕೊಟ್ರು, ಯಾರೂ ಬ್ಯಾಡ ಅನಲಿಲ್ಲ. ಕನಸು ಯಾಕ ಸೇರಂಗಿಲ್ಲ?"

"ಅಂಗಿಯನ್ನ ನಾಲ್ಕು ಜನ ನೋಡ್ತಾರಂತ ತಿಳಿದೇ ತೊಟ್ಟಿದ್ರು. ಕನಸನ್ನ ಯಾರೂ ನೋಡಂಗಿಲ್ಲ ಅಂತ ನಂಬಿ ಕಂಡ್ರು."

"ನಾ ಹೊರಗಿನಾಕಿ ಏನ್ರಿ ಅವರಿಗೆ?"

ಅದಕ್ಕೆ ನನ್ನಲ್ಲಿ ಇದ್ದುದು ವಿಧಿ ಮಾತ್ರ. ಆಕೆ ಗಿರಿಯಪ್ಪನ ಕಡೆ ತಿರುಗಿದಳು. ಅವನು, "ಶಾಸ್ತ್ರಿಗಳು ಹೇಳಿದ್ದು ಖರೆ ಐತಿ, ಅವ್ವಾ" ಎಂದಷ್ಟೇ ಅಂದು ಎದ್ದು ಹೋದ. ಕಾಶವ್ವ ಮಾತ್ರ ನನ್ನನ್ನು ದುರುಗುಟ್ಟಿ ನೋಡಿ, "ಕಲ್ಲಾಗಿ ಮಲಗಿದ ದೇವರಿಗೆ ಕಲ್ಲಾಗಿ ಕುಂತ ಶಾಸ್ತ್ರಿಗಳು. ಜೋಡಿ ಭಾಳ ಚಲೋ ಐತಿ" ಎಂದಳು.

ದಾಕ್ಷಾಯಣಿ ಸಂಜೆಯ ಬಸ್ಸಿಗೆ ಹೊರಡುವುದೆಂದಾಯಿತು. ಊಟ ಬೇಡವೆಂದು, ಆ ಕೋಣೆಗೆ ಹೋಗಿ, ಏನೂ ಉಳಿಯದ ಆ ಹಾಸಿಗೆಯ ಮೇಲೆಯೇ ಮಧ್ಯಾಹ್ನ ಒರಗಿದಳು. ಕಾಶವ್ವ ಮತ್ತೆ ಹೊಸ್ತಿಲಲ್ಲಿ ಕುಳಿತು, ಬೀದಿಯ ಕಂಚುಗಾರರ ಕಡೆ ಕೈಮುಗಿದಳಂತೆ. ಆ ಹೊತ್ತು ಓಣಿಯಲ್ಲಿ ಒಂದು ಸುತ್ತಿಗೆಯೂ ಏಳಲಿಲ್ಲ. ಹಾಗಾದದ್ದನ್ನು ನಾನು ಬೇರೆ ಯಾವಾಗಲೂ ಕಂಡಿಲ್ಲ.

ಇಳಿಹೊತ್ತಿನಲ್ಲಿ ಪ್ರಸಾದ ಕೊಡಲೆಂದು ನಾನು ಬಸ್ ನಿಲ್ದಾಣಕ್ಕೆ ಹೋದೆ. ಆಕೆ ಕಿಟಕಿಯ ಬದಿಗೆ ಕುಳಿತಿದ್ದಳು, ಚೀಲ ತೊಡೆಯ ಮೇಲೆ. ನನ್ನ ಮೇಲೆ ಮುನಿಸಿರಲಿಲ್ಲ. ಅದೇ ನನಗೆ ಭಾರವಾಯಿತು. "ಕಣ್ಣು ಹತ್ತಿತ್ರಿ," ಎಂದಳು. "ನನ್ನ ಕನಸ ಬಿತ್ತು. ಕೂಸಿನ ಬೆನ್ನು ಕಂಡಿತು. ಹಸಿರು ಲಂಗ ಉಟ್ಟಿತ್ತು. ಯಾರದೋ ಬೆರಳು ಹಿಡಕೊಂಡು ಮುಂದ ಮುಂದ ಹೊಂಟಿತ್ತು. ಕೈ ಅಷ್ಟ ಕಂಡಿತ್ರಿ, ಮನಷಾ ಕಾಣಲಿಲ್ಲ. ಕರೀಬೇಕಂದ್ರ ನನಗ ದನಿ ಬರಲಿಲ್ಲ. ಇತ್ಲಾಗ ಹೊಳ್ಳಿ ನೋಡಲೇ ಇಲ್ಲ ಅದು." ಪ್ರಸಾದವನ್ನು ಕಣ್ಣಿಗೊತ್ತಿಕೊಂಡಳು. "ಕೈ ಅವರದ ಅನಸ್ತು. ಆದ್ರ ಕನಸು ನಂದಲ್ರಿ? ನನ್ನ ಆಸೇನ ಇದ್ದೀತು."

ಬಸ್ಸಿನವನು ಸೀಟಿ ಊದುವ ಹೊತ್ತಿಗೆ ಹೂವಿನ ಚೌಕದ ಕಡೆಯಿಂದ ಗದ್ದಲ ಕೇಳಿಸಿತು. ಜನರನ್ನು ಇಬ್ಬದಿಗೂ ತಳ್ಳುತ್ತ ಗಿರಿಯಪ್ಪ ಓಡಿ ಬರುತ್ತಿದ್ದ. ಅವನು ಓಡಿದ್ದನ್ನು ಪೇಟೆ ಎಂದೂ ನೋಡಿರಲಿಲ್ಲ. ಕೈಗಾಡಿಯವರೇ ಅವನಿಗೆ "ಬಾಜೂ, ಬಾಜೂ" ಎಂದು ದಾರಿ ಮಾಡಿಕೊಟ್ಟು ನಗುತ್ತಿದ್ದರು; ಯಾರೋ "ಎಮ್ಮಿ ತಪ್ಪಿಸಿಕೊಂತೇನೋ ಗಿರಿಯಪ್ಪಾ!" ಎಂದು ಕೂಗಿದರು. ಹೊಸ ಅತಿಥಿ ಬರುವನೆಂದು ಕಾಶವ್ವ ಅವನನ್ನು ಕರೆಸಿದ್ದಳು. ದಾಕ್ಷಾಯಣಿ ಎದ್ದ ಹಾಸಿಗೆಯಲ್ಲಿ ಮಲಗಿ ಎದ್ದವನು ಹಾಗೆಯೇ, ಚಪ್ಪಲಿಯೂ ಇಲ್ಲದೆ, ಓಡಿ ಬಂದಿದ್ದ.

ಚಲಿಸತೊಡಗಿದ್ದ ಬಸ್ಸಿನ ಕಿಟಕಿಯ ಸರಳನ್ನು ಹಿಡಿದುಕೊಂಡು, ಉಸಿರು ಸಾಲದೆ, ಜೊತೆಜೊತೆಗೇ ಹೆಜ್ಜೆ ಹಾಕುತ್ತ ಹೇಳಿದ: "ಅವ್ವಾ, ನೀವು ಹಿಂದಿನಿಂದ ನೋಡೀರಿ. ನಾ ಅವತ್ತು ಅವರ ಕನಸಿನ್ಯಾಗ ಮುಂದಿನಿಂದ ನೋಡೀನ್ರಿ. ಅದ ಹಸಿರು ಲಂಗ. ಬೆರಳು ಕೊಟ್ಟಾಂವ ಬಗ್ಗಿ ಬಗ್ಗಿ ಮಾರಿ ನೋಡತಿದ್ದ. ನೀಲೂ, ನೀಲೂ ಅಂತ ಕರದಷ್ಟೂ ಕೂಸು ನಗತಿತ್ರಿ. ಕರದಷ್ಟೂ ನಗತಿತ್ತು, ಅವ್ವಾ."

ಆ ಹೆಸರನ್ನು ಆಕೆ ಕಾಶವ್ವನಿಗೂ ಹೇಳಿರಲಿಲ್ಲ, ನನಗೂ ಹೇಳಿರಲಿಲ್ಲ. ಆಕೆಯ ಕನಸಿನಲ್ಲಿ ಯಾರೂ ಕೂಗಿರಲಿಲ್ಲ. ದಾಕ್ಷಾಯಣಿ ಸರಳಿನ ಮೇಲಿದ್ದ ಅವನ ಕೈಯ ಮೇಲೆ ತನ್ನ ಹಣೆಯನ್ನು ಊರಿದಳು. ಬಸ್ಸು ವೇಗ ಹಿಡಿದು ಕೈ ತಪ್ಪಿತು. ಚೀಲವನ್ನು ಎದೆಗೆ ಅವುಚಿಕೊಂಡು, ಮಗುವಿನಂತೆ ಬಾಯಿ ತೆರೆದು ಆಕೆ ಅಳುತ್ತಿದ್ದುದು ತಿರುವಿನವರೆಗೂ ಕಂಡಿತು.

ಗಿರಿಯಪ್ಪ ಅಲ್ಲಿಯೇ ಧೂಳಿನಲ್ಲಿ ನಿಂತು ಹೆಗಲಿನ ವಲ್ಲಿಯನ್ನು ತೆಗೆದು, ಮಡಿಸಿ, ಎರಡೂ ಕೈಗಳಿಂದ ನನ್ನ ಮುಂದೆ ಹಿಡಿದ. "ಇದು ಇನ್ನ ನನಗ ಸಲ್ಲಂಗಿಲ್ರಿ."

"ಸಲ್ಲೂದಿಲ್ಲ," ಎಂದೆ.

"ತಪ್ಪಾತು ಅನ್ನಲೇನ್ರಿ?"

"ಅನಬ್ಯಾಡ. ಅಂದ್ರ ಅದೂ ಒಂದು ಸುಳ್ಳಾಗತದ."

ವಲ್ಲಿಯನ್ನು ತಂದು ಸ್ವಾಮಿಯ ಪಾದದ ಮೇಲಿರಿಸಿದೆ. ಇಂದಿಗೂ ಅಲ್ಲಿಯೇ ಇದೆ. ಅದನ್ನು ಹೊದೆಯಬಲ್ಲ ಇನ್ನೊಬ್ಬ ನಮ್ಮ ಪೇಟೆಯಲ್ಲಿ ಹುಟ್ಟಿಲ್ಲ. ನಾನು ಕೊಟ್ಟ ತೀರ್ಪು ತಪ್ಪೆಂದು ನನಗೆ ಅನ್ನಿಸಿಲ್ಲ. ಗಿರಿಯಪ್ಪ ಮಾಡಿದ್ದು ತಪ್ಪೆಂದೂ ಅನ್ನಿಸಿಲ್ಲ. ಈ ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಬಲ್ಲವನು ಒಳಗೆ ಮಲಗಿದ್ದಾನೆ. ಅವನನ್ನು ಎಬ್ಬಿಸಿ ಕೇಳುವ ಯೋಗ್ಯತೆ ನನ್ನದಲ್ಲ. ಗಿರಿಯಪ್ಪ ಈಗ ಖಾನಾವಳಿಯಲ್ಲಿ ಬಡಿಸುತ್ತಾನೆ. ಅವನಿಗೂ ಕನಸು ಬೀಳತೊಡಗಿವೆಯೆಂದು ಕಾಶವ್ವ ಹೇಳುತ್ತಾಳೆ. ಮದುವೆಯಾಗದ, ಮಕ್ಕಳಿಲ್ಲದ ಅವನು ನಿದ್ದೆಯಲ್ಲಿ ಯಾರದೋ ಕೂಸಿಗೆ ಬೆರಳು ಕೊಡುವಂತೆ ಕೈ ಚಾಚುತ್ತಾನಂತೆ.

ಆದ್ದರಿಂದ, ನಮ್ಮ ಪೇಟೆಗೆ ಬರುವ ಮಹನೀಯರೇ, ಈಗ ಇಲ್ಲಿನ ಹಾಸಿಗೆಗಳನ್ನು ತಿಳಿಮಾಡುವವರಿಲ್ಲ. ಸಾಧ್ಯವಿದ್ದರೆ ನಿಮ್ಮ ಚಾಪೆ ನೀವೇ ತನ್ನಿ. ತರದಿದ್ದರೆ, ಕೋಣೆ ಹಿಡಿಯುವಾಗ ನಿಮಗಿಂತ ಮೊದಲು ಮಲಗಿದವರು ಯಾರೆಂದು ವಿಚಾರಿಸಬೇಡಿ; ಹೇಳುವವರಿಲ್ಲ, ಹೇಳಬಾರದು. ಮೊದಲ ಕನಸಿನಲ್ಲಿ ಗುರುತಿಲ್ಲದ ಮನೆ, ಗುರುತಿಲ್ಲದ ಮುಖಗಳು ಕಂಡರೆ ಹೆದರಬೇಡಿ. ಅತಿಥಿಯಂತೆ ಒಂದು ಮೂಲೆಯಲ್ಲಿ ನಿಂತಿರಿ, ಅದು ಬೇಗ ಮುಗಿಯುತ್ತದೆ. ಅಳುತ್ತ ಎದ್ದರೆ ಮುಖ ತೊಳೆದುಕೊಳ್ಳಿ, ಆದರೆ ಕಂಡದ್ದನ್ನು ಪಂಕ್ತಿಯಲ್ಲಿ ಕೂತು ಆಡಿಕೊಳ್ಳಬೇಡಿ. ಕಂಚುಗಾರ ಓಣಿಯ ಬೀದಿಯ ಕಡೆಯ ಕೋಣೆಯನ್ನು ಕೇಳಬೇಡಿ. ವರ್ಷಕ್ಕೊಮ್ಮೆ ಮಾಗಿಯಲ್ಲಿ ಒಬ್ಬ ಹೆಣ್ಣುಮಗಳು ಬಂದು ಅಲ್ಲಿ ಮಧ್ಯಾಹ್ನ ಮಲಗಿ ಹೋಗುತ್ತಾಳೆ. ಉಳಿದ ದಿನ ಕಾಶವ್ವ ಅದಕ್ಕೆ ಬೀಗ ಹಾಕಿರುತ್ತಾಳೆ. ಎಲ್ಲಕ್ಕಿಂತ ಮುಖ್ಯವಾದದ್ದು ಇದು: ದೀಪ ಆರಿಸುವ ಮೊದಲು, ಮನೆಯಲ್ಲಿ ಯಾರೊಡನಾದರೂ ಮಾತು ಬಿಟ್ಟಿದ್ದರೆ ಅವರ ಹೆಸರನ್ನು ಒಮ್ಮೆ ಗಟ್ಟಿಯಾಗಿ ಹೇಳಿ ಮಲಗಿ.

ಇದನ್ನು ಓದಿದವರಿಗೂ, ಓದಿಸಿ ಕೇಳಿದವರಿಗೂ, ಕೇಳುತ್ತ ಕೇಳುತ್ತ ಕಣ್ಣು ಹತ್ತಿದವರಿಗೂ ಆ ಶೇಷಶಾಯಿ ನೆಮ್ಮದಿಯ ನಿದ್ರೆಯನ್ನು ಕೊಡಲಿ. ಅಗಲಿದವರು ನಿಮ್ಮ ಕನಸಿನಲ್ಲಿ ಹೊರಳಿ ನೋಡಿ ನಗಲಿ. ನೀವು ಎದ್ದು ಹೋದ ಹಾಸಿಗೆಯಲ್ಲಿ, ನಿಮ್ಮ ತರುವಾಯ ಬಂದು ತಲೆಯಿಡುವ ಅಪರಿಚಿತನಿಗೂ ಒಳ್ಳೆಯದೇ ಕಾಣಲಿ.